ಲೇಸರ್ ಲೆವೆಲ್ ತಗೊಳ್ಳೋರೇ, ಕ್ಯಾಲಿಬ್ರೇಶನ್ ಸ್ಟಿಕ್ಕರ್ ನೋಡಿ ದುಡ್ಡು ಕೊಡ್ಬೇಡಿ

ಮೇಸ್ತ್ರಿಗಳು, ಸಣ್ಣಪುಟ್ಟ ಕಾಂಟ್ರಾಕ್ಟ್ ಮಾಡೋರು, ಮನೆ ಕಟ್ಟಿಸ್ತಾ ಇರೋರು ದಯವಿಟ್ಟು ಪೂರ್ತಿ ಓದಿ. ಡೆಮೊ ಪೀಸ್, ಸ್ವಲ್ಪ ಯೂಸ್ ಆಗಿದೆ ಅಷ್ಟೇ ಅಂತ ಲೇಸರ್ ಲೆವೆಲ್ (ಗೋಡೆ ಮೇಲೆ ಮಟ್ಟದ ಗೆರೆ ಬಿಡೋ ಮಿಷನ್) ಮಾರ್ತಾರಲ್ಲ, ಅದರ ಮೇಲೆ ಅಂಟಿಸಿರೋ, ಅಳತೆ ಸರಿಯಿದೆ ಅಂತ ಚೆಕ್ ಮಾಡಿದ್ದೀವಿ ಅನ್ನೋ ಕ್ಯಾಲಿಬ್ರೇಶನ್ ಸ್ಟಿಕ್ಕರ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಜೊತೆಗೆ ಕೊಡೋ ಸರ್ಟಿಫಿಕೇಟೂ ಅಷ್ಟೇ. ಬರೀ ಸುಳ್ಳು.

ಬೆಂಗಳೂರಲ್ಲಿ ಒಂದು ಟೂಲ್ಸ್ ಅಂಗಡಿ, ಹೆಸರು ಹಾಕಲ್ಲ. ಗ್ರೀನ್ ಲೇಸರ್, ಒಳ್ಳೇ ಕಂಪನಿದು, 9,500 ಅಂದ. ಅಂಗಡಿ ಗೋಡೆಗೇ ಬಿಟ್ಟು ತೋರಿಸ್ದ, ಆರೇಳು ಅಡಿ ದೂರ ಇರ್ಬಹುದು, ಅಷ್ಟು ಹತ್ರದಲ್ಲಿ ಯಾವ ಮಿಷನ್ ಆದ್ರೂ ಸರಿಯಾಗೇ ಕಾಣುತ್ತೆ. ಆಮೇಲೆ ಮಿಷನ್ನ ಕೈಲಿ ವಾರೆ ಮಾಡ್ದ, ಗೆರೆ ಮಿಣಮಿಣ ಅಂತು, "ನೋಡಿ ಸಾರ್, ಲೆವೆಲ್ ತಪ್ಪಿದ್ರೆ ಅದೇ ಹೇಳುತ್ತೆ, ಇನ್ನೇನ್ ಬೇಕು" ಅಂದ. ಇದೇ ದೊಡ್ಡ ಮೋಸ ಕಣ್ರೀ. ಒಳಗೆ ಒಂದು ಲೋಲಕ ತೂಗಾಡ್ತಿರುತ್ತೆ, ಮಿಷನ್ ಮೂರ್ನಾಲ್ಕು ಡಿಗ್ರಿಗಿಂತ ಜಾಸ್ತಿ ವಾಲಿದ್ರೆ ಅದು ತಾನಾಗೇ ಸರಿ ಮಾಡ್ಕೊಳ್ಳೋಕಾಗಲ್ಲ, ಅದಕ್ಕೆ ಮಿಣುಕೋದು. ಆ ಲೋಲಕದ ತೂಕವೇ ಏಟು ಬಿದ್ದು ಆಚೀಚೆ ಆಗಿದ್ರೆ ಮಿಷನ್ ಮಿಣುಕೋದೇ ಇಲ್ಲ, ಸುಮ್ಮನೆ ತಪ್ಪು ಗೆರೆ ಹಾಕ್ಕೊಂಡು ಕೂತಿರುತ್ತೆ.

ಅದನ್ನೇ ತಗೊಂಡು ಕೆಲಸಕ್ಕೆ ಹೋದೆ. ಮೈಸೂರಲ್ಲಿ 30x40 ಸೈಟು, ಆರಿಂಚು ಸಾಲಿಡ್ ಬ್ಲಾಕ್ ಕೆಲಸ. ಹಾಲ್ ಮಧ್ಯೆ ಮಿಷನ್ ಇಟ್ಟು ಎಲ್ಲಾ ಪಿಲ್ಲರ್‌ಗೂ ಮಾರ್ಕ್ ಹಾಕಿದ್ವಿ, ಆ ಮಾರ್ಕ್‌ನಿಂದಲೇ ದಾರ ಕಟ್ಟಿ ಬ್ಲಾಕ್ ವರಸೆ ಏರಿಸ್ಕೊಂಡು ಹೋದ್ವಿ. ಕಿಟಕಿ ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಾಗ ನಮ್ ಮೇಸ್ತ್ರಿ ಯಾಕೋ ಅನುಮಾನ ಬಂದು ಮಟ್ಟ ನೋಡೋ ಲೆವೆಲ್ ಪೈಪಿಗೆ ನೀರು ತುಂಬಿ ಹಿಡಿದ. "ಅಣ್ಣಾ, ಪೈಪ್ ಬೇರೆ ಹೇಳ್ತಾ ಇದೆ ಬನ್ನಿ" ಅಂದ. ಮುಂದಿನ ಗೋಡೆಗೂ ಹಿಂದಿನ ಗೋಡೆಗೂ 12 ಎಂಎಂ ವ್ಯತ್ಯಾಸ. ಬ್ಲಾಕ್ ಕೆಲಸದಲ್ಲಿ ಒಂದು ಸಂದಿನ ಗಾರೆನೇ 10 ಎಂಎಂ, ಅದಕ್ಕಿಂತ ಜಾಸ್ತಿ ಅಂದ್ರೆ ಯೋಚ್ನೆ ಮಾಡಿ. ಮನೆ ಯಜಮಾನ್ರು ಅಲ್ಲೇ ನಿಂತಿದ್ರು, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಜೋರಾಗಿ ಬಯ್ಯಲೂ ಇಲ್ಲ, "ಏನಪ್ಪಾ, ಮಿಷನ್ ತಂದಿದ್ದೀನಿ, ಕೂದಲೆಳೆ ತಪ್ಪಲ್ಲ ಅಂದಿದ್ಯಲ್ಲ" ಅಂತ ಅಷ್ಟೇ ಕೇಳಿದ್ದು. ಕೆಲಸದವರೆಲ್ಲ ನನ್ನ ಮುಖಾನೇ ನೋಡ್ತಿದ್ರು. ಆ ಅವಮಾನ ಇನ್ನೂ ಹೋಗಿಲ್ಲ. ಎರಡು ವರಸೆ ಬಿಚ್ಚಿ ಮತ್ತೆ ಕಟ್ಟಿದ್ವಿ, ಕೂಲಿ, ಸಿಮೆಂಟು ಎಲ್ಲ ನನ್ನ ಜೇಬಿಂದ.

ಅವತ್ತು ಸಂಜೆನೇ ಟೆಸ್ಟ್ ಮಾಡ್ದೆ. ಎದುರುಬದುರು ಐದು ಮೀಟರ್ ದೂರ ಇರೋ ಎರಡು ಗೋಡೆ. ಒಂದು ಗೋಡೆ ಪಕ್ಕ ಮಿಷನ್ ಇಟ್ಟು ಅಲ್ಲೊಂದು ಮಾರ್ಕ್, ಮಿಷನ್ನೇ ತಿರುಗಿಸಿ ಎದುರು ಗೋಡೇಲಿ ಒಂದು ಮಾರ್ಕ್. ಈಗ ಮಿಷನ್ ಎತ್ಕೊಂಡು ಹೋಗಿ ಎದುರು ಗೋಡೆ ಪಕ್ಕ ಇಟ್ಟು, ಅಲ್ಲಿನ ಮಾರ್ಕ್‌ಗೆ ಸರಿಯಾಗಿ ಎತ್ತರ ಹೊಂದಿಸಿ, ತಿರುಗಿಸಿ ಮೊದಲನೇ ಗೋಡೆಗೆ ಬಿಡಿ. ಗೆರೆ ಹಳೇ ಮಾರ್ಕ್ ಮೇಲೇ ಬೀಳ್ಬೇಕು. ಹೋಗಿ ಬಂದು ಹತ್ತು ಮೀಟರ್ ಲೆಕ್ಕ ಆಯ್ತು. 10 ಮೀಟರ್‌ಗೆ 3 ಎಂಎಂ ಅಂತ ಬಾಕ್ಸ್ ಮೇಲೆ ಬರೆದಿದ್ರೆ ಇಲ್ಲಿ 3 ಎಂಎಂ ಒಳಗೆ ಇರ್ಬೇಕು. ನನ್ನದು 11-12 ತೋರಿಸ್ತು.

ಫೋಟೋ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡ್ದೆ. ಮೊದಲನೇ ಉತ್ತರ, "ಸಾರ್ ನೀವು ಬೀಳ್ಸಿದ್ದೀರಾ." ಇಲ್ಲಪ್ಪಾ, ಲೋಲಕಕ್ಕೆ ಲಾಕ್ ಹಾಕಿ ಬಾಕ್ಸಲ್ಲೇ ತಂದಿದ್ದೀನಿ ಅಂದೆ. "ಹಾಗಾದ್ರೆ ನಿಮ್ ಟ್ರೈಪಾಡ್ ಪ್ರಾಬ್ಲಂ." ಟ್ರೈಪಾಡೂ ಅವನೇ ಕೊಟ್ಟಿದ್ದು! ಕೊನೆಗೆ "ನಮ್ ಲ್ಯಾಬ್‌ಗೆ ಕಳ್ಸಿ, 1,800 ಆಗುತ್ತೆ, ಪಕ್ಕಾ ಮಾಡಿ ಕೊಡ್ತಾರೆ" ಅಂದ. ಕೆಲಸ ನಿಂತಿತ್ತು, ಕೊರಿಯರ್ ಮಾಡ್ದೆ, ದುಡ್ಡೂ ಹಾಕ್ದೆ. ಹೊಸ ಸ್ಟಿಕ್ಕರ್, ಹೊಸ ಸರ್ಟಿಫಿಕೇಟ್ ಜೊತೆ ವಾಪಸ್ ಬಂತು, ಸೀಲು, ಸಹಿ ಎಲ್ಲಾ ಇದೆ, ರೀಡಿಂಗ್ ಎಲ್ಲಾ 0.0, 0.1. ಅದೇ ಎರಡು ಗೋಡೆ ಮಧ್ಯೆ ಇಟ್ಟು ನೋಡ್ದೆ. ಅದೇ 12 ಎಂಎಂ. ಒಂದು ಸ್ಕ್ರೂ ಕೂಡ ಮುಟ್ಟಿಲ್ಲ.

ಆಗ ಸರ್ಟಿಫಿಕೇಟ್ ಸರಿಯಾಗಿ ಓದ್ದೆ. ಟೆಸ್ಟ್ ಮಾಡಿದ ತಾರೀಖು ಅಂತ ಹಾಕಿರೋ ದಿನ ನನ್ನ ಮಿಷನ್ ಇನ್ನೂ ಕೊರಿಯರ್‌ನಲ್ಲೇ ಇತ್ತು. ಬ್ಯಾಟರಿ ಮುಚ್ಚಳ ತೆಗೆದು ಸೀರಿಯಲ್ ನಂಬರ್ ನೋಡ್ದೆ, ಸರ್ಟಿಫಿಕೇಟಲ್ಲಿರೋದೇ ಬೇರೆ ನಂಬರ್. ಬೇರೆ ಯಾರದೋ ಮಿಷನ್‌ದು! ಕೈ ಕಾಲು ನಡುಗ್ತು ಸಿಟ್ಟಿಗೆ. ಫೋನ್ ಮಾಡಿ ಕೇಳಿದ್ರೆ ಏನಂದ ಗೊತ್ತಾ, "ಪ್ರಿಂಟಿಂಗ್ ಮಿಸ್ಟೇಕ್ ಸಾರ್, ನಿಮ್ ಸೀರಿಯಲ್ ನಂಬರ್ ಹೇಳಿ, ಈಗ್ಲೇ ಬೇರೆ ಪ್ರಿಂಟ್ ಹಾಕಿ ವಾಟ್ಸಾಪ್ ಮಾಡ್ತೀನಿ." ನಂಬರ್ ಹೇಳಿ ಅಂತೆ! ಮಿಷನ್ ಮೈಸೂರಲ್ಲಿ ನನ್ ಕೈಲಿದೆ, ಅವನು ಬೆಂಗಳೂರಲ್ಲಿ ಕೂತು ಅದನ್ನ ಪಾಸ್ ಮಾಡ್ತಾನೆ. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ "ಡೆಮೊ ಪೀಸ್‌ಗೆ ರಿಟರ್ನ್ ಇಲ್ಲ ಸಾರ್, ಬಿಲ್ಲಲ್ಲೇ ಇದೆ" ಅಂದ, ಈಗ ಫೋನೇ ಎತ್ತಲ್ಲ.

ಬಿಸಿಲಲ್ಲೂ ಕಾಣುತ್ತೆ ಅಂದಿದ್ದೂ ಸುಳ್ಳೇ. ಗ್ರೀನ್ ಆದ್ರೂ ಹತ್ತು ಗಂಟೆ ಮೇಲೆ ಹೊರಗಡೆ ಗೋಡೆ ಮೇಲೆ ಏನೂ ಕಾಣಲ್ಲ, ಔಟ್‌ಡೋರ್ ಬಟನ್ ಒತ್ತಿದ್ರೆ ಗೆರೆ ಇನ್ನೂ ಮಂಕಾಗುತ್ತೆ, ಅದಿರೋದು ಕಣ್ಣಿಗೆ ಕಾಣದ ಗೆರೆ ಹುಡುಕೋ ಡಿಟೆಕ್ಟರ್‌ಗೆ, ಆ ಡಿಟೆಕ್ಟರ್ ಬಾಕ್ಸಲ್ಲೇ ಇರಲಿಲ್ಲ.

ತಗೊಳ್ಳೋರು ಅಂಗಡಿಯವನ ಎದುರಿಗೇ ಮೇಲೆ ಹೇಳಿದ ಟೆಸ್ಟ್ ಮಾಡಿ. ಜಾಗ ಇಲ್ಲ ಅಂದ್ರೆ ರೋಡಲ್ಲಿ ಮಾಡಿ, ಕತ್ತಲಾದ ಮೇಲೆ ಮಾಡಿ, ಒಪ್ಪಲಿಲ್ಲ ಅಂದ್ರೆ ಎದ್ದು ಬನ್ನಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಲ್ಯಾಬ್ ಅಂತ ಹೇಳಿದ್ರೆ ಸರ್ಟಿಫಿಕೇಟಲ್ಲಿ ಯುಎಲ್‌ಆರ್ ನಂಬರ್ (ಆ ರಿಪೋರ್ಟ್‌ಗೆ ಮಾತ್ರ ಇರೋ ಗುರುತಿನ ನಂಬರ್) ಕೇಳಿ, ಆ ಲ್ಯಾಬ್ ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ, ನನಗೆ ಕೊಟ್ಟಿದ್ರಲ್ಲಿ ಅದ್ಯಾವುದೂ ಇಲ್ಲ. ಪೈಪ್ ಮಾತ್ರ ಎಸೀಬೇಡಿ. ಮತ್ತೆ ಈಗಾಗ್ಲೇ ಡೆಮೊ ಪೀಸ್ ತಗೊಂಡು ಕೆಲಸ ಮಾಡ್ತಿರೋರು, ಇವತ್ತೇ ಬ್ಯಾಟರಿ ಮುಚ್ಚಳ ತೆಗೆದು ಸೀರಿಯಲ್ ನಂಬರ್ ಸರ್ಟಿಫಿಕೇಟ್ ಜೊತೆ ತಾಳೆ ಹಾಕಿ, ಲಿಂಟಲ್ ಹಾಕೋಕೆ ಮುಂಚೆ.