ವಯೋಮಿಂಗ್‌ನಲ್ಲಿ ಬೇಟೆಗೆ ಹೋಗುವವರು ಗೇಟಿನ ಬೀಗಕ್ಕೆ ಹಣ ಕಟ್ಟುವ ಮುನ್ನ ದಯವಿಟ್ಟು ಓದಿ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಇರುವ, ಈಚೆಗೆ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ರಾಜ್ಯವಾದ ವಯೋಮಿಂಗ್‌ನಲ್ಲಿ ಸರ್ಕಾರಿ ನೆಲವನ್ನು ತಮ್ಮ ಖಾಸಗಿ ರ‍್ಯಾಂಚ್ ಎಂಬಂತೆ ತೋರಿಸಿ, ಸಾರ್ವಜನಿಕ ರಸ್ತೆಗೆ ಸರಪಳಿ ಬಿಗಿದು, ‘ಪ್ರವೇಶ ಶುಲ್ಕ’ ವಸೂಲಿ ಮಾಡುವವರಿದ್ದಾರೆ. ನಾನು ಮತ್ತು ನನ್ನ ಗೆಳೆಯ ಅಂಥ ಒಬ್ಬನಿಗೆ ತಲೆಗೆ 600 ಡಾಲರ್‌ನಂತೆ ಕೊಟ್ಟಿದ್ದೇವೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದರೆ ಆ ಮನುಷ್ಯ ಇನ್ನೊಬ್ಬರಿಗೆ ಇದನ್ನೇ ಮಾಡುತ್ತಾನೆ.

2025ರ ಅಕ್ಟೋಬರ್‌ನ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಪ್ರಾಣಿ) ಸೀಸನ್ನಿಗೆ ನಮ್ಮಿಬ್ಬರಿಗೂ ಟ್ಯಾಗ್, ಅಂದರೆ ಅದರ ಬೇಟೆಗೆ ಬೇಕಾದ ಪರವಾನಗಿ, ಸಿಕ್ಕಿತ್ತು. ಅವನ ಜಾಹೀರಾತಿನಲ್ಲಿ ‘9,000 ಎಕರೆ, ನಿಮ್ಮ ಗುಂಪಿನ ಹೊರತು ಬೇರಾರೂ ಇರುವುದಿಲ್ಲ’ ಎಂದಿತ್ತು. ಐ-80 ಹೆದ್ದಾರಿಯ ಆ ಭಾಗದ ನಕ್ಷೆಯನ್ನು ನೋಡಿದವರಿಗೆ ಗೊತ್ತು, ಅದು ಚದುರಂಗದ ಹಾಸಿನಂತೆ ಕಾಣುತ್ತದೆ. 1860ರ ದಶಕದಲ್ಲಿ ರೈಲುಮಾರ್ಗ ಹಾಕಿದ ಕಂಪನಿಗೆ ಸರ್ಕಾರ 640 ಎಕರೆಯ ತುಂಡುಗಳನ್ನು ಒಂದು ಬಿಟ್ಟು ಒಂದರಂತೆ ಕೊಟ್ಟದ್ದರ ಫಲ ಅದು: ಬಿಳಿ ತುಂಡು ಖಾಸಗಿಯದು, ಹಳದಿ ತುಂಡು ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯದು, ಅಂದರೆ ಎಲ್ಲರದು. ಹಾಗಾಗಿಯೇ ನಾನು ಫೋನಿನಲ್ಲಿ ಅವನನ್ನು ನೇರವಾಗಿ ಕೇಳಿದೆ, ಹಳದಿಯಿಂದ ಹಳದಿಗೆ ಮೂಲೆಯಲ್ಲಿ ಕಾಲಿಟ್ಟು ದಾಟಬಹುದಲ್ಲವೇ ಎಂದು. ‘ಮೂಲೆ ದಾಟಿದರೆ ವನ್ಯಜೀವಿ ಇಲಾಖೆಯ ವಾರ್ಡನ್ ಕೇಸು ಹಾಕುತ್ತಾನೆ, ಬಂದೂಕನ್ನೂ ಕಿತ್ತುಕೊಳ್ಳುತ್ತಾನೆ, ನನ್ನ ಗೇಟಿನ ಹೊರತು ನಿಮಗೆ ದಾರಿಯೇ ಇಲ್ಲ’ ಎಂದ.

ಇದು ಶುದ್ಧ ಸುಳ್ಳು. ಅದೇ ರಾಜ್ಯದ ಎಲ್ಕ್ ಮೌಂಟನ್ ಬಳಿ ಏಣಿ ಇಟ್ಟು ಮೂಲೆ ದಾಟಿದ ಮಿಸೌರಿಯ ನಾಲ್ವರು ಬೇಟೆಗಾರರ ಮೇಲೆ ಜಮೀನಿನ ಮಾಲೀಕರು ಹೂಡಿದ್ದ ದಾವೆಯಲ್ಲಿ, ಖಾಸಗಿ ನೆಲವನ್ನು ಮುಟ್ಟದೆ ಹಾಗೆ ದಾಟುವುದನ್ನು ತಡೆಯಲಾಗದು ಎಂದು 2025ರ ಮಾರ್ಚ್‌ನಲ್ಲೇ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಸಾರ್ವಜನಿಕ ನೆಲಕ್ಕೆ ದಾರಿ ಮುಚ್ಚುವುದನ್ನು ನಿಷೇಧಿಸುವ 1885ರ ಕಾಯ್ದೆಯ ಆಧಾರದಲ್ಲಿ ತೀರ್ಪು ಕೊಟ್ಟಿತ್ತು. ಅಲ್ಲಿಯ ರ‍್ಯಾಂಚಿನವರಿಗೆ ಆ ಸುದ್ದಿ ತಿಳಿದಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಹೋದೆವು. ಗೇಟಿಗೆ ತಂತಿಯಲ್ಲಿ ಬಿಗಿದ ‘ಖಾಸಗಿ ರಸ್ತೆ’ ಎಂಬ ತಗಡು, ಅದರ ಕೆಳಗೆ ನಂಬರಿನ ಬೀಗ. ಬೀಗದ ನಂಬರನ್ನು ಅವನು ಮೆಸೇಜಿನಲ್ಲಿ ಕಳಿಸಿದ್ದ. ಒಳಗೆ ಒಂದೆರಡು ಮೈಲಿ ಹೋಗುವಷ್ಟರಲ್ಲಿ ಎದುರಿನಿಂದ ನೆಬ್ರಾಸ್ಕಾ ನಂಬರ್ ಪ್ಲೇಟಿನ ಪಿಕಪ್ ಬಂತು. ಬೇರಾರೂ ಇರುವುದಿಲ್ಲ ಎಂದು ಹಣ ಕೊಟ್ಟವರು ನಾವು, ಹಾಗಾಗಿ ಗಾಡಿ ನಿಲ್ಲಿಸಿ, ನಿಮಗೂ ಅವನೇ ಪರವಾನಗಿ ಕೊಟ್ಟನೇ ಎಂದು ವಿಚಾರಿಸಿದೆ. ಆ ಹಿರಿಯರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಕೌಂಟಿ ರಸ್ತೆಗೆ ಯಾರ ಪರವಾನಗಿ?’ ಎಂದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ, ಅದರ ರಸ್ತೆ ಎಲ್ಲರದು. ಪಕ್ಕದ ಸೇಜ್ ಪೊದೆಯಲ್ಲಿ ಬಗ್ಗಿ ಬಿದ್ದಿದ್ದ ಕಬ್ಬಿಣದ ಕಂಬವನ್ನು ತೋರಿಸಿದರು. ಅದರ ಮೇಲೆ ಕೌಂಟಿಯ ರಸ್ತೆ ಸಂಖ್ಯೆ ಇನ್ನೂ ಓದುವಂತಿತ್ತು. ಫೋನ್ ತೆಗೆದು ನೋಡಿದರೆ ನಾವು ನಿಂತ ನೀಲಿ ಚುಕ್ಕೆ ಹಳದಿಯ ನಡುವೆ ಇತ್ತು. ಅವನು ಬೇಟೆಗೆಂದು ಗುರುತು ಹಾಕಿಕೊಟ್ಟಿದ್ದ ಜಾಗಗಳೆಲ್ಲವೂ ಹಳದಿಯೇ. ಅವನ ಸ್ವಂತದ ಬಿಳಿ ತುಂಡೆಂದರೆ ತೊರೆಯ ಪಕ್ಕದ ಹುಲ್ಲುಗಾವಲು, ಅಲ್ಲಿ ದನಗಳಿರುವುದರಿಂದ ಗುಂಡು ಹಾರಿಸಕೂಡದು ಎಂದು ಅವನೇ ಬರೆದಿದ್ದ. ಅಂದರೆ ಅವನ ನೆಲದಲ್ಲಿ ಬೇಟೆಯಿಲ್ಲ, ಬೇಟೆಯಿರುವ ನೆಲ ಅವನದಲ್ಲ! ನಮ್ಮೂರಿನಲ್ಲಿ ನಕಾಶೆಯ ಬಂಡಿದಾರಿಗೆ ಬೇಲಿ ಹಾಕಿ, ಆಮೇಲೆ ಅದರಲ್ಲಿ ಓಡಾಡುವವರಿಂದಲೇ ಕಾಸು ಕೇಳಿದಂತೆ.

ಹಣ ವಾಪಸ್ ಕೇಳಿದಾಗ ಬಂದ ಉತ್ತರಗಳನ್ನು ನೋಡಿ. ಮೊದಲನೆಯದು, ‘ಆ ನೆಲಕ್ಕೆ ನಾಲ್ಕು ತಲೆಮಾರಿನಿಂದ ನಾವು ಹಣ ಕಟ್ಟುತ್ತಿದ್ದೇವೆ.’ ಅವನು ಕಟ್ಟುವುದು ಮೇವಿನ ಶುಲ್ಕ, 2025ರಲ್ಲಿ ಹಸು-ಕರುವಿನ ಒಂದು ಜೋಡಿಗೆ ತಿಂಗಳಿಗೆ 1.35 ಡಾಲರ್, ಅದರಿಂದ ಬರುವುದು ದನ ಮೇಯಿಸುವ ಹಕ್ಕೇ ಹೊರತು ಜನರನ್ನು ಹೊರಗಿಡುವ ಹಕ್ಕಲ್ಲ. ಇದನ್ನು ಬರೆದು ಕಳಿಸಿದರೆ, ‘ನಿಮಗೆ ಪ್ರಾಂಗ್‌ಹಾರ್ನ್ ಕಂಡಿತೋ ಇಲ್ಲವೋ?’ ಎಂಬ ಮರುಪ್ರಶ್ನೆ. ರಸ್ತೆಯ ವಿಷಯ ಎತ್ತಿದಾಗ, ‘ಗೇಟು ನನ್ನದು, ನೀವು ಕೊಟ್ಟದ್ದು ಗೇಟಿಗೆ’ ಎಂದ. ಗೇಟಿಗಂತೆ! ಕೊನೆಗೆ, ‘ನಿಮ್ಮ ಕಡೆಯವರಿಗೆ ಇಲ್ಲಿಯ ಪದ್ಧತಿ ಗೊತ್ತಿರುವುದಿಲ್ಲ’ ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದ. 1,200 ಡಾಲರ್‌ಗಿಂತ ಈ ಮಾತು ಹೆಚ್ಚು ಉರಿಯುತ್ತದೆ, ಏಕೆಂದರೆ ಗೊತ್ತಿರುವುದಿಲ್ಲ ಎಂದು ಎಣಿಸಿಯೇ ಅವನು ಈ ವ್ಯಾಪಾರಕ್ಕೆ ಇಳಿದದ್ದು.

ನೀವು ಮಾಡಬೇಕಾದದ್ದು ಇಷ್ಟು. ಹಣ ಕೊಡುವ ಮುನ್ನ ಯಾವ ಸೆಕ್ಷನ್‌ಗಳಿಗೆ (ನಕ್ಷೆಯ 640 ಎಕರೆಯ ತುಂಡುಗಳಿಗೆ) ಪರವಾನಗಿ ಎಂದು ಬರಹದಲ್ಲಿ ಕೇಳಿ, ಕೌಂಟಿಯ ರಸ್ತೆ ವಿಭಾಗಕ್ಕೆ ಫೋನ್ ಮಾಡಿ ರಸ್ತೆ ಯಾರದೆಂದು ತಿಳಿದುಕೊಳ್ಳಿ. ನಕ್ಷೆಯಲ್ಲಿ ಗೆರೆ ಇದ್ದಮಾತ್ರಕ್ಕೆ ಅದು ಸಾರ್ವಜನಿಕ ದಾರಿಯಾಗುವುದಿಲ್ಲ. ಬಿಳಿ ತುಂಡಿನೊಳಗೆ ಹಾಯುವ ಗಾಡಿಜಾಡಿಗೆ, ಫಲಕ ಇರಲಿ ಬಿಡಲಿ, ಮಾಲೀಕರ ಅನುಮತಿ ಬೇಕೇ ಬೇಕು. ಮೂಲೆ ದಾಟುವ ತೀರ್ಪು ಆ ನ್ಯಾಯಾಲಯದ ವ್ಯಾಪ್ತಿಯಲ್ಲಿರುವ ವಯೋಮಿಂಗ್, ಕೊಲೊರಾಡೊ ಸೇರಿ ಆರು ರಾಜ್ಯಗಳಿಗೆ ಮಾತ್ರ. ಮೊಂಟಾನಾ ಅದರಲ್ಲಿ ಸೇರಿಲ್ಲ. ರಾಜ್ಯದ ವನ್ಯಜೀವಿ ಇಲಾಖೆ ರೈತರೊಡನೆ ಒಪ್ಪಂದ ಮಾಡಿಕೊಂಡು ತೆರೆದಿರುವ ‘ವಾಕ್-ಇನ್’ ಪ್ರದೇಶಗಳಿಗೆ ಪ್ರವೇಶ ಶುಲ್ಕವೇ ಇಲ್ಲ, ಮೊದಲು ಅವನ್ನು ನೋಡಿ.

ಕೌಂಟಿಗೆ ಫೋಟೋ ಸಮೇತ ದೂರು ಕೊಟ್ಟಿದ್ದೇನೆ, ಸ್ಥಳಕ್ಕೆ ಹೋಗಿ ಪರಿಶೀಲಿಸುವುದಾಗಿ ಹೇಳಿದ್ದಾರೆ. ಜಾಹೀರಾತು ಮಾತ್ರ ಈಗಲೂ ಹಾಗೆಯೇ ಇದೆ, ಈ ಸೀಸನ್ನಿಗೆ ದರವನ್ನು 750 ಡಾಲರ್‌ಗೆ ಏರಿಸಿದ್ದಾನೆ.