ಧನ್ವಂತ್ರಿ ರಸ್ತೆಯ ಲಾಡ್ಜೋ, ಯಾದವಗಿರಿಯ ಹೋಂಸ್ಟೇಯೋ?

ಎರಡು ರಾತ್ರಿ ಉಳಿದು ಮೈಸೂರು ನೋಡಲು ಬರುವ ಕುಟುಂಬಗಳು ಸಾಮಾನ್ಯವಾಗಿ ಈ ಎರಡರ ಮಧ್ಯೆ ತೂಗಾಡುತ್ತವೆ. ಒಂದು, ಊರ ನಡುವೆ ಧನ್ವಂತ್ರಿ ರಸ್ತೆ ಆಸುಪಾಸಿನ ಹಳೇ ಲಾಡ್ಜು. ಇನ್ನೊಂದು, ರೈಲ್ವೆ ಸ್ಟೇಷನ್ನಿನಿಂದ ಆಚೆ ಯಾದವಗಿರಿಯಲ್ಲಿ ಮನೆಯ ಮಹಡಿಯನ್ನೇ ಬಾಡಿಗೆಗೆ ಕೊಡುವ ಹೋಂಸ್ಟೇ. ಎರಡೂ ಬಗೆಯ ಕಡೆ ಉಳಿದು ನೋಡಿದ ಮೇಲೆ ನಾವು ಹೇಳುವುದಿಷ್ಟು: ಬಾಡಿಗೆ ನೋಡಿ ತೀರ್ಮಾನ ಮಾಡಬೇಡಿ, ಮಧ್ಯಾಹ್ನ ರೂಮಿಗೆ ವಾಪಸ್ ಬರುವುದು ಎಷ್ಟು ಸುಲಭ ಎಂಬುದನ್ನು ನೋಡಿ.

ಯಾಕೆಂದರೆ ಈ ಊರಿನ ಪ್ರವಾಸ ಎರಡು ಪಾಳಿಯದು. ಅರಮನೆ ತೆರೆಯುವುದು ಬೆಳಿಗ್ಗೆ 10ಕ್ಕೆ. ಚಪ್ಪಲಿ ಹೊರಗೆ ಬಿಟ್ಟು, ಜನರ ಸಾಲಿನಲ್ಲೇ ಸಾಗಿ ಈಚೆ ಬರುವಷ್ಟರಲ್ಲಿ ಹನ್ನೆರಡೂವರೆ. ಆ ಹೊತ್ತಿಗೆ ಮಕ್ಕಳಿಗೂ ವಯಸ್ಸಾದವರಿಗೂ ಬೇಕಾಗುವುದು ಊಟ ಮತ್ತು ಎರಡು ಗಂಟೆ ನಿದ್ದೆ. ಭಾನುವಾರವಾದರೆ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅದಕ್ಕೆ ಮತ್ತೆ ಹೊರಡಬೇಕು. ಧನ್ವಂತ್ರಿ ರಸ್ತೆಯಿಂದ ಅರಮನೆಗೆ ಸುಮಾರು 1 ಕಿ.ಮೀ. ಸಯ್ಯಾಜಿರಾವ್ ರಸ್ತೆಗೆ ಬಿದ್ದು, ದೇವರಾಜ ಮಾರ್ಕೆಟ್ ಪಕ್ಕದಲ್ಲೇ ಕೆ.ಆರ್. ಸರ್ಕಲ್‌ವರೆಗೆ ನಡೆದರೆ ಆಯಿತು. ಯಾದವಗಿರಿಯಿಂದ 3–4 ಕಿ.ಮೀ., ಅಂದರೆ ದಿನಕ್ಕೆ ನಾಲ್ಕು ಸಲ ಆಟೊ. ನಾಲ್ಕು ಜನಕ್ಕೆ ಮೇಲೆ ಇದ್ದರೆ ಪ್ರತಿ ಸಲವೂ ಎರಡು ಆಟೊ. ಬಾಡಿಗೆಯಲ್ಲಿ ಉಳಿಸಿದೆವು ಅಂದುಕೊಂಡ ದುಡ್ಡು ಇಲ್ಲೇ ಕರಗುವುದು.

ಅದಕ್ಕಿಂತ ಕಷ್ಟ, ದೀಪ ಆರಿದ ಮೇಲಿನ ಅರ್ಧ ಗಂಟೆ. ಸಾವಿರಾರು ಜನ ಒಟ್ಟಿಗೇ ರಸ್ತೆಗೆ ಬಂದು ಆಟೊಗೆ ಕೈ ಅಡ್ಡ ಹಾಕುತ್ತಿರುತ್ತಾರೆ. ಲಾಡ್ಜಿನವರು ಆ ಗುಂಪಿನ ಜೊತೆಗೇ ನಡೆದು ರೂಮು ಸೇರಿರುತ್ತಾರೆ. ಯಾದವಗಿರಿಗೆ ಹೋಗಬೇಕಾದವರು ಅರಮನೆ ಮುಂದೆ ಕಾಯುವ ಬದಲು ಚಿಕ್ಕ ಗಡಿಯಾರ ದಾಟಿ ಸ್ವಲ್ಪ ದೂರ ನಡೆದುಬಿಡಿ, ಅಲ್ಲಿ ಆಟೊ ಸಿಗುವುದು ಬೇಗ. ಹತ್ತಿದ ಮೇಲೆ ಹೋಂಸ್ಟೇ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಆಕಾಶವಾಣಿ ಹತ್ತಿರ’ ಅಂದರೆ ಎಲ್ಲರಿಗೂ ಗೊತ್ತು.

ಈಗ ನಿದ್ದೆ. ಇಲ್ಲಿ ಯಾದವಗಿರಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಮರಗಳ ರಸ್ತೆ, ಒಂಬತ್ತಕ್ಕೆಲ್ಲ ನಿಶ್ಶಬ್ದ. ಸ್ಟೇಷನ್ ಕಡೆಯ ಮನೆಗಳಲ್ಲಿ ರಾತ್ರಿ ರೈಲಿನ ಕೂಗು ಕೇಳಿಸುತ್ತದೆ, ಅದು ಬಂದು ಹೋಗುವ ಸದ್ದು. ಸೊಳ್ಳೆ ಮಾತ್ರ ಜಾಸ್ತಿ. ಕಿಟಕಿಗೆ ಮೆಶ್ ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಸಂಜೆ ಆರರೊಳಗೆ ಕಿಟಕಿ ಮುಚ್ಚಬೇಕಾಗುತ್ತದೆ. ಲಾಡ್ಜಿನಲ್ಲಿ ರಸ್ತೆ ಕಡೆಯ ರೂಮು ಸಿಕ್ಕರೆ ಬೆಳಗಿನ ಜಾವದಿಂದಲೇ ಹಾರ್ನು, ಶಟರ್ ಎತ್ತುವ ಸದ್ದು. ಹಿಂಬದಿ ರೂಮು ಕೊಡಿ ಎಂದು ಕೇಳಿದರೂ ಅಷ್ಟಕ್ಕೇ ಒಪ್ಪಿಬಿಡಬೇಡಿ. ಹಿಂದುಗಡೆ ಜನರೇಟರ್ ಇರಬಹುದು, ಕೆಳಗೆ ಹೋಟೆಲಿನ ಅಡುಗೆಮನೆ ಇದ್ದರೆ ಐದಕ್ಕೇ ಗ್ರೈಂಡರ್ ಶುರುವಾಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ರೂಮು ತೆರೆಸಿ, ಕಿಟಕಿ ತೆಗೆದು ಕೆಳಗೆ ಬಗ್ಗಿ ನೋಡಿ. ಲಿಫ್ಟಿಗೆ ಅಂಟಿದ ರೂಮೂ ಬೇಡ.

ಬಿಸಿನೀರಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೆಳಗಿನ ಜಗಳಗಳೆಲ್ಲ ಹುಟ್ಟುವುದು ಅಲ್ಲೇ. ಹಳೇ ಲಾಡ್ಜುಗಳಲ್ಲಿ ಸಾಮಾನ್ಯವಾಗಿ ತಾರಸಿ ಮೇಲೆ ಸೋಲಾರ್ ಇರುತ್ತದೆ, ನೀರು ಬಿಡುವುದು ಬೆಳಿಗ್ಗೆ ಕೆಲವು ಗಂಟೆ ಮಾತ್ರ. ಪೈಪು ಮೇಲಿಂದ ಇಳಿಯುವುದರಿಂದ ಕೆಳ ಅಂತಸ್ತಿನ ನಲ್ಲಿಯಲ್ಲಿ ಮೊದಲ ಒಂದೆರಡು ಬಕೆಟ್ ತಣ್ಣೀರೇ ಬರುತ್ತದೆ. ಇದನ್ನು ತಿಳಿಯದವರು ‘ಬಿಸಿನೀರೇ ಇಲ್ಲ’ ಎಂದು ನಲ್ಲಿ ಮುಚ್ಚಿಬಿಡುತ್ತಾರೆ. ಆಷಾಢದ ಮೋಡದಲ್ಲಿ ಎಂಟು ಗಂಟೆ ದಾಟಿತೆಂದರೆ ಟ್ಯಾಂಕೇ ಖಾಲಿ. ಹಾಗಂತ ಮೇಲಿನ ಅಂತಸ್ತು ಹಿಡಿದರೆ ಏಪ್ರಿಲಿನಲ್ಲಿ ತಾರಸಿ ಕಾದು ರಾತ್ರಿಯೆಲ್ಲ ಸೆಕೆ. ನಾಲ್ಕು ಅಂತಸ್ತಿನ ಕಟ್ಟಡವಾದರೆ ಮೂರನೆಯದನ್ನು ಕೇಳಿ.

ಹೋಂಸ್ಟೇಗಳಲ್ಲಿ ಹೆಚ್ಚಾಗಿ ಇರುವುದು ಗೀಸರ್. 15 ಲೀಟರಿನ, 2 ಕಿಲೋವಾಟಿನ ಗೀಸರ್ ಪೂರ್ತಿ ಕಾಯಲು ಹತ್ತಿರಹತ್ತಿರ 20 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಎರಡು ಬಕೆಟ್ ಆಗುತ್ತದೆ. ಷವರ್ ಬಿಟ್ಟುಕೊಂಡು ನಿಂತರೆ ಒಬ್ಬರಿಗೇ ಮುಗಿಯಿತು. ನಾಲ್ಕು ಜನ ಎಂಟಕ್ಕೆ ಹೊರಡಬೇಕಾದರೆ ಆರೂವರೆಗೇ ಸ್ವಿಚ್ ಹಾಕಿ, ಬಕೆಟ್ಟಿನಲ್ಲೇ ಸ್ನಾನ ಮಾಡಿ. ಬಾತ್‌ರೂಮಿನಲ್ಲಿ ಇರುವುದು 3 ಲೀಟರಿನ ಪುಟ್ಟ ಗೀಸರ್ ಆದರೆ ನಲ್ಲಿ ಸಣ್ಣಗೆ ಬಿಡಬೇಕು, ಜೋರಾಗಿ ಬಿಟ್ಟರೆ ಉಗುರು ಬೆಚ್ಚಗೂ ಬರುವುದಿಲ್ಲ.

ತಿಂಡಿಗೆ ಲಾಡ್ಜಿನವರು ಚಿಂತೆ ಮಾಡಬೇಕಿಲ್ಲ, ಕೆಳಗಿಳಿದರೆ ಕಾಫಿ, ಇಡ್ಲಿ. ಹೋಂಸ್ಟೇಯಲ್ಲಿ ಎಂಟೂವರೆ ಸುಮಾರಿಗೆ ಒಂದೇ ಬಗೆಯ ತಿಂಡಿ, ಆದರೆ ಮನೆ ರುಚಿ. ನಜರ್‌ಬಾದಿನ ಮೈಲಾರಿ ದೋಸೆಗೆ ಹೋಗುವ ಮನಸ್ಸಿದ್ದರೆ ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಬಿಡಿ, ಮಾಡಿಟ್ಟಿದ್ದು ದಂಡವಾಗಬಾರದು.

ಇನ್ನು ಚೆಕ್‌ಔಟ್. ಹಳೇ ಲಾಡ್ಜುಗಳಲ್ಲಿ ಹಲವು ಕಡೆ 24 ಗಂಟೆ ಲೆಕ್ಕ. ಶುಕ್ರವಾರ ಸಂಜೆ 6ಕ್ಕೆ ರೂಮು ಹಿಡಿದರೆ ಭಾನುವಾರ ಸಂಜೆ 6ರವರೆಗೆ ಎರಡೇ ದಿನದ ಬಾಡಿಗೆ, ಕೊನೆಯ ದಿನವೂ ಮಧ್ಯಾಹ್ನದ ನಿದ್ದೆ ನಿಮ್ಮದೇ. ಅದೇ ಬೆಳಿಗ್ಗೆ 7ಕ್ಕೆ ರೈಲಿಳಿದು ರೂಮು ಹಿಡಿದು, ಮೂರನೇ ದಿನ ಸಂಜೆ ಬಿಟ್ಟರೆ ಮೂರು ದಿನದ್ದು ಕಟ್ಟಬೇಕು. ಮೂರನೇ ಬೆಳಿಗ್ಗೆ ಏಳರೊಳಗೆ ಖಾಲಿ ಮಾಡಿ, ಲಗೇಜನ್ನು ರಿಸೆಪ್ಷನ್ನಿನಲ್ಲೋ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲೋ ಇಟ್ಟರೆ ಒಂದು ದಿನದ್ದು ಉಳಿಯಿತು. ಹೋಂಸ್ಟೇಯಲ್ಲಿ ಮಧ್ಯಾಹ್ನ ಒಳಗೆ, ಬೆಳಿಗ್ಗೆ 11ಕ್ಕೆ ಹೊರಗೆ. ಆದ್ದರಿಂದ ಬೆಳಿಗ್ಗೆ ಬಂದಿಳಿಯುವವರಿಗೆ ಅದು ಹೊಂದುವುದಿಲ್ಲ, ಮುಖ ತೊಳೆಯಲೂ ಜಾಗ ಇರುವುದಿಲ್ಲ. ಬಾಡಿಗೆ ಕೇಳುವಾಗ ‘ಟ್ಯಾಕ್ಸ್ ಸೇರಿ ಎಷ್ಟು’ ಎಂದೇ ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅಂದರೆ 2,000ದ ರೂಮು 2,100.

ಕಾರು ತಂದಿದ್ದರೆ ತಕ್ಕಡಿ ಯಾದವಗಿರಿ ಕಡೆಗೆ ವಾಲುತ್ತದೆ. ಗೇಟಿನೊಳಗೆ ಇಲ್ಲವೇ ಮನೆ ಮುಂದೆ ನಿಲ್ಲಿಸಬಹುದು, ಪೇಟೆಗೆ ನುಗ್ಗದೆಯೇ ಕೆಆರ್‌ಎಸ್ ರಸ್ತೆ ಸೇರಬಹುದು. ಬೃಂದಾವನ, ಶ್ರೀರಂಗಪಟ್ಟಣ ಎರಡಕ್ಕೂ ಆ ಕಡೆಯೇ ಅನುಕೂಲ. ಲಾಡ್ಜಿನ ಪಾರ್ಕಿಂಗ್ ಎಂದರೆ ಒಂದರ ಹಿಂದೆ ಒಂದು ನಿಲ್ಲಿಸುವುದು. ಹಿಂದಿನ ಕಾರಿನವರು ಏಳುವ ತನಕ ನಿಮ್ಮದು ಆಚೆ ಬರುವುದಿಲ್ಲ, ಬೆಳಿಗ್ಗೆ ಬೇಗ ಹೊರಡುವುದಿದ್ದರೆ ರಾತ್ರಿಯೇ ವಾಚ್‌ಮನ್‌ಗೆ ಹೇಳಿ ಮುಂದೆ ಹಾಕಿಸಿಕೊಳ್ಳಿ. ಬಸ್ಸಿನಲ್ಲಿ ಓಡಾಡುವವರಿಗೆ ಲಾಡ್ಜೇ ಸರಿ. ಚಾಮುಂಡಿ ಬೆಟ್ಟಕ್ಕೆ 201ನೇ ಬಸ್ಸು ಹೊರಡುವ ಸಿಟಿ ಬಸ್ ಸ್ಟ್ಯಾಂಡಿಗೆ ಅಲ್ಲಿಂದ ನಡೆದೇ ಹೋಗಬಹುದು.

ನಮ್ಮ ಆಯ್ಕೆ ಕೇಳಿದರೆ, ಕಾರಿಲ್ಲದೆ ಬರುವ ಕುಟುಂಬಕ್ಕೆ ಲಾಡ್ಜು, ಸದ್ದಿದ್ದರೂ ಸರಿ. ಕೈಗೂಸು ಇದ್ದರೆ, ಕಾರಿದ್ದರೆ, ಅರಮನೆ ಒಮ್ಮೆ ನೋಡಿಯಾಗಿದ್ದರೆ ಯಾದವಗಿರಿ. ಝೂ ನೋಡುವ ಆಸೆಯಿದ್ದರೆ ಎಲ್ಲಿ ಉಳಿದರೂ ಮಂಗಳವಾರ ತಪ್ಪಿಸಿ, ಅಂದು ರಜೆ.

ದಸರಾಕ್ಕೆ ಈ ಲೆಕ್ಕವೇ ಬೇರೆ. ಜಂಬೂಸವಾರಿ ಸಾಗುವುದು ಸಯ್ಯಾಜಿರಾವ್ ರಸ್ತೆಯಲ್ಲೇ, ಬನ್ನಿಮಂಟಪದವರೆಗೆ. ವಿಜಯದಶಮಿಯ ದಿನ ಆ ಸುತ್ತಿನ ರಸ್ತೆಗಳನ್ನು ಮುಚ್ಚುವುದರಿಂದ ಲಾಡ್ಜಿನಲ್ಲಿ ನಿಂತ ಕಾರು ರಾತ್ರಿಯವರೆಗೆ ಅಲುಗುವುದಿಲ್ಲ. ಆ ಸಂಜೆಯೇ ಊರು ಬಿಡುವವರು ಯಾದವಗಿರಿಯಲ್ಲಿ ಕಾರು ನಿಲ್ಲಿಸಿ, ಬೆಳಿಗ್ಗೆ ತಿಂಡಿ ಮುಗಿಸಿದವರೇ ಪೇಟೆಗೆ ನಡೆದು ಬರಬೇಕು.