ನೋಡ್‌ನ ಯುಆರ್‌ಎಲ್ ಕ್ಲಾಸ್: ಕನ್ನಡ ವಿಳಾಸಗಳ ನಡುವೆ ಕೆಲವು ವರ್ಷ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಲ್ಲಿರುವ ನಮ್ಮ ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಜಾಲತಾಣದಲ್ಲಿ ನಡೆಸುವ ಹೊಣೆ ನನ್ನದು. ಅತಿ ಕಡಿಮೆ ಬಾಡಿಗೆಯ ಸರ್ವರ್ ಆದ್ದರಿಂದ ಹೊರಗಿನ ಪ್ಯಾಕೇಜುಗಳನ್ನು ಆದಷ್ಟು ದೂರವಿಟ್ಟು, ಬರುವ ಪ್ರತಿಯೊಂದು ರಿಕ್ವೆಸ್ಟ್‌ನ ವಿಳಾಸವನ್ನು ಬಿಡಿಸಲು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಜೆಎಸ್‌ನೊಳಗೇ ಇರುವ ಯುಆರ್‌ಎಲ್ ಕ್ಲಾಸನ್ನು ಬಳಸುತ್ತಿದ್ದೇನೆ. 2018ರ ಹತ್ತನೆಯ ಆವೃತ್ತಿಯಿಂದ ಇದನ್ನು ಇಂಪೋರ್ಟ್ ಮಾಡಿಕೊಳ್ಳುವ ಅಗತ್ಯವೂ ಇಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಹಿಂದಿನ ದಿನದ ಹುಡುಕಾಟಗಳ ಲಾಗ್ ಓದುವುದು ನನ್ನ ನಿತ್ಯದ ಕೆಲಸ. ಬ್ರೌಸರ್ ಕಳುಹಿಸುವಾಗ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಯೂ ಮೂರು ಬೈಟ್‌ಗಳಾಗಿ, ಶೇಕಡಾ ಚಿಹ್ನೆಗಳೊಡನೆ ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ. ‘ಕಾಸರಗೋಡು’ ಎಂಬ ಒಂದೇ ಪದಕ್ಕೆ 72 ಬೇಕು. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಹುಡುಕಾಟದ ಭಾಗವನ್ನು (ಕ್ವೆರಿ) ಓದಿಕೊಡುವ, ಈ ಕ್ಲಾಸ್‌ನ ಸರ್ಚ್‌ಪ್ಯಾರಮ್ಸ್ ಅದನ್ನೆಲ್ಲ ಬಿಡಿಸಿ, ಫಾರ್ಮ್‌ನಿಂದ ಬಂದ ಕೂಡಿಸುವ ಚಿಹ್ನೆಯನ್ನು ತೆರಪಾಗಿಸಿ, ‘ಗೋವಿಂದ ಪೈ’ ಎಂದು ನೇರವಾಗಿ ಕೊಡುವುದನ್ನು ಕಂಡಾಗ ಈಗಲೂ ಸಂತೋಷವಾಗುತ್ತದೆ. ಕನ್ನಡ, ಮಲಯಾಳ ಎರಡನ್ನೂ ಒಟ್ಟಿಗೆ ಆರಿಸುವ ಓದುಗರು ಇಲ್ಲಿ ಸಹಜವಾಗಿಯೇ ಹೆಚ್ಚು. ನೋಡ್‌ನ ಹಳೆಯ ಪಾರ್ಸ್ ವಿಧಾನ ಒಂದು ಭಾಷೆ ಆರಿಸಿದರೆ ಸ್ಟ್ರಿಂಗ್ (ಬರಿಯ ಪಠ್ಯ) ಕೊಡುತ್ತಿತ್ತು, ಎರಡು ಆರಿಸಿದರೆ ಅರೇ (ಪಟ್ಟಿ). ಈಗ ಸರ್ಚ್‌ಪ್ಯಾರಮ್ಸ್‌ಗೆ ಗೆಟ್‌ಆಲ್ ಎಂದರೆ ಯಾವಾಗಲೂ ಅರೇಯೇ ಸಿಗುತ್ತದೆ.

ನನಗೆ ಬೇಸರ ತರಿಸಿದ್ದು ಪಾಥ್‌ನೇಮ್, ಅಂದರೆ ವಿಳಾಸದ ಹಾದಿಯನ್ನು ಕೊಡುವ ಭಾಗ. ಕ್ವೆರಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬಿಡಿಸುವ ಅದೇ ಕ್ಲಾಸ್, ಪ್ರಶ್ನಾರ್ಥಕ ಚಿಹ್ನೆಯ ಎಡಗಡೆಯಲ್ಲಿರುವ ಕನ್ನಡವನ್ನು ಮಾತ್ರ ಶೇಕಡಾ ಚಿಹ್ನೆಗಳ ರೂಪದಲ್ಲಿಯೇ ಉಳಿಸುತ್ತದೆ. ಲೇಖಕರ ಹೆಸರನ್ನು ವಿಳಾಸದ ಹಾದಿಯಲ್ಲಿಯೇ ಇಡುವ ನಮ್ಮಂಥವರಿಗೆ ಇದು ಅಸಡ್ಡೆಯೆಂದೇ ಬಹುಕಾಲ ತೋರುತ್ತಿತ್ತು.

ಆ ಅಭಿಪ್ರಾಯ ಬದಲಾದದ್ದು ಕಾಲ್ ನಂಬರ್‌ಗಳನ್ನು (ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ಸಂಖ್ಯೆಗಳನ್ನು) ವಿಳಾಸಕ್ಕೆ ಸೇರಿಸಿದ ಮೇಲೆ. ನಮ್ಮಲ್ಲಿ ಕನ್ನಡ ಸಾಹಿತ್ಯದ ಪುಸ್ತಕದ ಬೆನ್ನಿನ ಮೇಲೆ ‘894.814/ಪೈ’ ಎಂಬಂಥ ಚೀಟಿ ಇರುತ್ತದೆ. ಪಾಥ್‌ನೇಮ್ ತಾನಾಗಿಯೇ ಬಿಡಿಸಿಕೊಟ್ಟಿದ್ದರೆ, ವಿಳಾಸದಲ್ಲಿ %2F ಎಂದು ಬರುವ ಸಂಖ್ಯೆಯೊಳಗಿನ ಓರೆಗೆರೆಯೂ ಹಾದಿಯನ್ನು ತುಂಡರಿಸುವ ಓರೆಗೆರೆಯೂ ಒಂದೇ ಆಗಿ, ಪುಸ್ತಕ ಸಿಗುತ್ತಲೇ ಇರಲಿಲ್ಲ. ಮೊದಲು ಓರೆಗೆರೆಗಳಲ್ಲಿ ತುಂಡು ಮಾಡಿ, ಬಳಿಕ ಪ್ರತಿಯೊಂದು ತುಂಡನ್ನೂ ಶೇಕಡಾ ರೂಪವನ್ನು ಮತ್ತೆ ಅಕ್ಷರವಾಗಿಸುವ ಡಿಕೋಡ್‌ಯುಆರ್‌ಐಕಾಂಪೊನೆಂಟ್‌ಗೆ ಕೊಡುವುದೇ ಸರಿಯಾದ ಕ್ರಮ.

ರಿಕ್ವೆಸ್ಟ್‌ನಲ್ಲಿ ಸಾಮಾನ್ಯವಾಗಿ ಹಾದಿ ಮತ್ತು ಕ್ವೆರಿ ಮಾತ್ರ ಇರುವುದರಿಂದ ಈ ಕ್ಲಾಸ್‌ಗೆ ಹೋಸ್ಟ್ (ತಾಣದ) ಹೆಸರಿರುವ ಮೂಲ ವಿಳಾಸವೊಂದನ್ನು ಕೊಡಲೇಬೇಕು. ಅದನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಟ್ಟರೆ, ಎರಡು ಓರೆಗೆರೆಗಳಿಂದ ಆರಂಭವಾಗುವ ಹಾದಿಯ ಮೊದಲ ತುಂಡು ಹೋಸ್ಟ್ ಹೆಸರಾಗಿಬಿಡುತ್ತದೆ. ಆದ್ದರಿಂದ ನಾನು ಮೂಲ ವಿಳಾಸವನ್ನು ಹಾದಿಯ ಮುಂದೆ ಸ್ಟ್ರಿಂಗ್ ಆಗಿಯೇ ಜೋಡಿಸುತ್ತೇನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಉದ್ದದ ಕೊಂಡಿಯನ್ನು ನಕಲು ಮಾಡುವಾಗ ಅಕ್ಷರದ ನಡುವೆಯೇ ಅದು ತುಂಡಾದರೆ, ಸರ್ಚ್‌ಪ್ಯಾರಮ್ಸ್ ಬದಲಿ ಚಿಹ್ನೆಯಿಟ್ಟು ಮುಂದೆ ಹೋಗುತ್ತದೆ, ಆದರೆ ಡಿಕೋಡ್‌ಯುಆರ್‌ಐಕಾಂಪೊನೆಂಟ್ ಎರರ್ ಎಸೆಯುತ್ತದೆ. ಅದನ್ನು ಟ್ರೈ–ಕ್ಯಾಚ್‌ನಲ್ಲಿ ಹಿಡಿದು, ‘ತಪ್ಪಾದ ರಿಕ್ವೆಸ್ಟ್’ ಎನ್ನುವ 400ರ ಉತ್ತರದೊಡನೆ ಹುಡುಕಾಟದ ಪೆಟ್ಟಿಗೆಯನ್ನೂ ಓದುಗರಿಗೆ ಕಳುಹಿಸುತ್ತಿದ್ದೇನೆ.